ಎದಿಹಾಲಿನ ಪೆಂಡೆಂಟ್ ಮಾಡ್ಸೂದಾದ್ರ ಯಾರ ಕೈಯಾಗ ಕೊಡ್ಬೇಕು? ನಮ್ಮ ಕಡೆ ತಾಯಂದಿರಿಗೆ ಪೂರ್ತಿ ಗೈಡ್

ಕೂಸಿಗೆ ಹಾಲು ಬಿಡಸೂ ಹೊತ್ತಿನಾಗ ಅದರ ನೆನಪಿಗಂತ ಎದಿಹಾಲು ಒಣಗಿಸಿ, ಹಳ್ಳಿನಂಗ (ಹರಳು) ಮಾಡಿ ಕೂಡಿಸಿದ ಪೆಂಡೆಂಟೋ ಉಂಗುರಾನೋ ಮಾಡಸ್ಕೊಳ್ಳೂದು ಈಗ ನಮ್ಮ ಬಾಗಲಕೋಟಿ ಕಡೇನೂ ಸುರು ಆಗೇತಿ. ಆದ್ರ ಇದನ್ನ ಮಾಡೂವ್ರು ನಮ್ಮೂರಾಗ ಸಿಗೂದು ಕಷ್ಟ. ವಿಜಾಪುರ ಸರಾಫ್ ಬಜಾರಕ್ಕ ಹೋಗ್ರಿ, ಬೆಳಗಾವಿ ಶಹಾಪುರಕ್ಕ ಹೋಗ್ರಿ, ಪತ್ತಾರರ ಮುಂದ ಈ ವಿಷಯ ತಗದ್ರ ಅವ್ರು ಒಂದ್ಸಲ ನಮ್ಮ ಮುಖ, ಒಂದ್ಸಲ ನಮ್ಮ ಜೋಡಿ ಬಂದವ್ರ ಮುಖ ನೋಡ್ತಾರ. ಹಿಂಗಾಗಿ ಎಲ್ಲಾ ವ್ಯವಹಾರ ಇನ್‌ಸ್ಟಾಗ್ರಾಮ್ ಮ್ಯಾಲೆ, ಬೆಂಗಳೂರು, ಪುಣೆ, ಮುಂಬೈದಾಗ ಕುಂತವ್ರ ಜೋಡಿ, ಮುಖ ನೋಡ್ಲಾರ್ದ ರೊಕ್ಕ ಹಾಕಿ, ಹಾಲು ಪಾರ್ಸಲ್ ಮಾಡಿ ಕಾಯೂದು.

ಇದ್ರಾಗ ಅಸಲಿ ತೊಡಕು ಏನಂದ್ರ, ಬೆಳ್ಳಿ ಬಂಗಾರ ಖರೇ ಐತೋ ಇಲ್ಲೋ ಅಂತ ನೋಡಾಕ ಹಾಲ್‌ಮಾರ್ಕ್ ಐತಿ, ಒರೆಗಲ್ಲು ಐತಿ, ಆದ್ರ ಆ ಬಿಳಿ ಹಳ್ಳಿನೊಳಗ ಇರೂದು ನಿಮ್ಮ ಹಾಲೋ, ಇನ್ಯಾರದ್ದೋ ಹಾಲೋ, ಇಲ್ಲಾ ಬರೇ ಬಿಳಿ ಬಣ್ಣಾನೋ ಅಂತ ಮನ್ಯಾಗ ಕುಂತು ತಪಾಸ ಮಾಡೂ ದಾರಿ ಒಂದೂ ಇಲ್ಲ. ಯಾವ ಸರ್ಕಾರಿ ಮುದ್ರಿನೂ ಅದಕ್ಕಿಲ್ಲ. ಹಿಂಗಾಗಿ ವಸ್ತು ನೋಡಿ ನಂಬೂ ಹಂಗಿಲ್ಲ, ಮಾಡೂವ್ರು ಕೆಲಸ ಮಾಡೂ ರೀತಿ ನೋಡಿನ ನಂಬ್ಬೇಕು, ಅದನ್ನೂ ಹಾಲು ಕಳಸೂಕಿಂತ ಮೊದ್ಲ ನೋಡ್ಬೇಕು.

ಮೊದ್ಲ ಹಾಲು ತಗದಿಡ್ರಿ, ಮಾಡೂವ್ರನ್ನ ಆಮ್ಯಾಲೆ ಹುಡುಕ್ರಿ

ಬಹಳ ಮಂದಿ ಉಲ್ಟಾ ಮಾಡ್ತಾರ, ಇನ್ನೇನು ಹಾಲು ನಿಂತ್ ಹೋಗ್ತೈತಿ ಅನ್ನೂ ಅವಸರದಾಗ ಕಣ್ಣಿಗೆ ಬಿದ್ದ ಮೊದಲ ಪೇಜಿಗೆ ಆರ್ಡರ್ ಹಾಕಿಬಿಡ್ತಾರ. ಅವಸರ ಬ್ಯಾಡ. ಸಾಮಾನ್ಯವಾಗಿ ಇವ್ರು ಕೇಳೂದು 10ರಿಂದ 30 ಎಂಎಲ್ ಅಷ್ಟ, ಅಂದ್ರ ಎರಡ್ಮೂರು ಚಮಚಾದಿಂದ ಹಿಡದು ಸಣ್ಣ ಲೋಟದ ತಳ ಮುಚ್ಚೂವಷ್ಟು. ಕೂಸಿಗೆ ಕುಡಿಸಿ ಉಳದಾಗ ಹಿಂಡಿ, ಹಾಲಿಡೂ ಜಿಪ್ ಚೀಲ ಮೆಡಿಕಲ್ ಶಾಪಿನಾಗ ಸಿಗ್ತಾವ, ಅದ್ರಾಗ ಹಾಕಿ ತಾರೀಖು ಬರದು ಫ್ರೀಜರ್‌ನಾಗ ಇಡ್ರಿ. ಒಂದ ಚೀಲದಾಗ ಎಲ್ಲಾ ಸುರವಬ್ಯಾಡ್ರಿ, ಎರಡು ಮಾಡ್ರಿ. ಒಂದು ಕಳಸಾಕ, ಇನ್ನೊಂದು ಮನ್ಯಾಗ ಇರಾಕ. ಈ ಎರಡನೇ ಚೀಲ ಇದ್ರ ಕೊರಿಯರ್‌ನಾಗ ಸೋರಿ ಹೋತು, ಮಾಡೂವ್ರು ಕೈ ಎತ್ತಿದ್ರು, ಏನ ಆಗ್ಲಿ, ಕತಿ ಅಲ್ಲಿಗೇ ಮುಗಿಯಂಗಿಲ್ಲ.

ಹಳೇ ಹಾಲು ನಡೀತೈತೇನು? ನಡೀತೈತಿ. ಕೂಸಿಗೆ ಕುಡಸೂ ಹಾಲಿಗಿರೂ ನಿಯಮ ಇದಕ್ಕಿಲ್ಲ, ಫ್ರೀಜರ್‌ನಾಗ ಆರ್ ತಿಂಗಳು ದಾಟಿದ್ದು, ಕರೆಂಟ್ ಹೋಗಿ ಒಮ್ಮೆ ಕರಗಿದ್ದು, ಸ್ವಲ್ಪ ಹುಳಿ ಬಂದದ್ದು ಸುದ್ದಾ ಬಹಳಷ್ಟು ಮಂದಿ ತಗೋತಾರ. ಆದ್ರ ಯಾರರ "ಹಾಲು ಕೆಡಾಕತ್ತೈತಿ ಮೇಡಂ, ಇವತ್ತ ಅಡ್ವಾನ್ಸ್ ಹಾಕ್ರಿ" ಅಂದ್ರ ಅವ್ರಿಗೆ ಅವ್ರ ಕಸಬಿನ ಬಗ್ಗೆನ ಗೊತ್ತಿಲ್ಲ, ಇಲ್ಲಾ ನಿಮ್ಮನ್ನ ಅವಸರಕ್ಕ ಹಾಕಾಕತ್ತಾರ ಅಂತ ತಿಳೀರಿ. ಕೂಸು ಕಳಕೊಂಡ ತಾಯಂದಿರೂ ಇದನ್ನ ಮಾಡಸ್ತಾರ, ಅವ್ರಿಗಂತೂ ಆಫರ್, ಕೌಂಟ್‌ಡೌನ್ ಅಂತ ಮೆಸೇಜ್ ಕಳಸೂ ಮಂದಿ ಹತ್ರ ಹೋಗೂದ ಬ್ಯಾಡ.

ಒಳಗ ಏನ್ ನಡೀತೈತಿ ಅಂತ ಗೊತ್ತಿದ್ರ ಮಾತ್ರ ಪ್ರಶ್ನೆ ಕೇಳಾಕ ಬರ್ತೈತಿ

ಹಾಲು ತನ್ನಷ್ಟಕ್ಕ ತಾನ ಕಲ್ಲಾಗಂಗಿಲ್ಲ. ತಾಯಿ ಹಾಲಿನಾಗ ಸುಮಾರು 87-88 ಪರ್ಸೆಂಟ್ ನೀರ ಇರ್ತೈತಿ, ಉಳದದ್ದು ಕೊಬ್ಬು, ಸಕ್ಕರಿ ಅಂಶ, ಪ್ರೋಟೀನು. ಮೊದಲ ಕೆಲಸ ಆ ನೀರು ತಗಿಯೂದು. ಕೆಲವ್ರು ಒಂದು ಪ್ರಿಸರ್ವೇಟಿವ್ ಪುಡಿ ಹಾಕಿ ಸಣ್ಣ ಉರಿಯಾಗ ಬಿಸಿ ಮಾಡಿ ಒಣಗಸ್ತಾರ, ಕೆಲವ್ರು ಫ್ರೀಜ್ ಡ್ರೈ ಮಾಡ್ತಾರ, ಅಂದ್ರ ಬರ್ಫ್ ಮಾಡಿ ನೀರಷ್ಟ ಹಾರಸ್ತಾರ. ಒಣಗಿದ್ದನ್ನ ನುಣ್ಣಗ ಅರದು ರೆಸಿನ್‌ನಾಗ (ಆಮ್ಯಾಲೆ ಗಾಜಿನಂಗ ಗಟ್ಟಿ ಆಗೂ ಅಂಟು ದ್ರವ) ಕಲಸಿ, ಅಚ್ಚಿನಾಗೋ ಬೆಳ್ಳಿ ಕಟ್ಟಿನಾಗೋ ಸುರವಿ, ಗಟ್ಟಿ ಆದ ಮ್ಯಾಲೆ ಉಜ್ಜಿ ಪಾಲಿಶ್ ಮಾಡಿ, ಮ್ಯಾಲೊಂದು ಪಾರದರ್ಶಕ ಪದರ ಕೊಡ್ತಾರ. ರೆಸಿನ್ ಎರಡು ನಮೂನಿ, ಒಂದು ಯುವಿ ಲೈಟಿನಾಗ ಕೆಲವೇ ನಿಮಿಷದಾಗ ಗಟ್ಟಿ ಆಗೂದು, ಇನ್ನೊಂದು ಇಪಾಕ್ಸಿ, ಅದಕ್ಕ ಒಂದಿನದಿಂದ ಮೂರ್ ದಿನ ಬೇಕು.

ಇದ್ರಾಗ ಶಾರ್ಟ್‌ಕಟ್ ಹೊಡಿಯೂದು ಎಲ್ಲಿ ಅಂದ್ರ ಒಣಗಸೂದ್ರಾಗ. ಹಸಿ ಹಾಲನ್ನ ಹಂಗ ರೆಸಿನ್‌ಗೆ ಹಾಕಿದ್ರ ನೀರಿನ ಅಂಶಕ್ಕ ರೆಸಿನ್ ಸರಿಯಾಗಿ ಹಿಡಿಯಂಗಿಲ್ಲ, ಒಳಗಿನ ಕೊಬ್ಬು ಮುಗ್ಗ ಹಿಡೀತೈತಿ. ಅವಸರಕ್ಕ ಉರಿ ಜೋರು ಮಾಡಿದ್ರ ಹಾಲಿನ ಸಕ್ಕರಿ ಪ್ರೋಟೀನು ಎರಡೂ ಕೂಡಿ ಪುಡಿ ಮೊದ್ಲ ಕಂದು ತಿರಗತೈತಿ. ನಮ್ಮ ವೈನಿ ಒಂದು ಪೆಂಡೆಂಟ್ ಮಾಡ್ಸಿದ್ರು, ಯಾರು ಮಾಡಿದ್ದು ಅಂತ ಹೆಸರು ಬ್ಯಾಡ. ಬಂದಾಗ ಹಾಲಿನಷ್ಟ ಬಿಳಿ ಇತ್ತು. ಒಂದು ಬ್ಯಾಸಗಿ ಕಳೀತು, ಅಂಚಿನಿಂದ ಸುರು ಆಗಿ ನಡುವಿನ ತನಕ ಬೆಲ್ಲದ ಪಾಕದ ಬಣ್ಣ. ಹಳ್ಳಿನ ಹಿಂದ ಉಗರು ಒತ್ತಿದ್ರ ಮೆತ್ತಗ ಗುರ್ತು ಬೀಳ್ತಿತ್ತು, ಮೂಗಿಗೆ ಹಿಡದ್ರ ಹಳೇ ಬೆಣ್ಣಿ ವಾಸನಿ. ಫೋಟೋ ಕಳಸಿ ಕೇಳಿದ್ರ "ನೀವು ಸೆಂಟ್ ಹಚ್ಚಿರ್ಬೇಕು ನೋಡ್ರಿ" ಅಂತ ಉತ್ತರ ಬಂತು. ಸೆಂಟಿನಿಂದ ಮ್ಯಾಲಿನ ಹೊಳಪು ಹೋಗ್ಬಹುದು, ಒಳಗ ಮೆತ್ತಗ ಆಗಂಗಿಲ್ಲ.

ರೆಸಿನ್ ಅಂದ ಮ್ಯಾಲೆ ವರ್ಷಗಟ್ಟಲೆ ಬಿಸಲು, ಬೆಳಕು ತಾಗಿ ಸ್ವಲ್ಪ ಹಳದಿ ತಿರಗೂದು ಸಹಜ. ಚಲೋ ಕಂಪನಿ ರೆಸಿನ್‌ನಾಗ ಅದನ್ನ ನಿಧಾನ ಮಾಡೂ ಅಂಶ ಇರ್ತಾವ, ಪೂರ್ತಿ ನಿಲ್ಸಾಕ ಆಗಂಗಿಲ್ಲ. ಇದನ್ನ ನೆನಪಿಡ್ರಿ, ಮುಂದ ಕೆಲಸಕ್ಕ ಬರ್ತೈತಿ.

ಪೇಜ್ ನೋಡೂ ರೀತಿ

ಫಾಲೋವರ್ಸ್ ನೋಡಬ್ಯಾಡ್ರಿ, ಅವು ರೊಕ್ಕಕ್ಕ ಸಿಗ್ತಾವ. ಇನ್‌ಸ್ಟಾಗ್ರಾಮ್‌ನಾಗ ಪ್ರೊಫೈಲ್ ಮೆನುದಾಗ 'ಅಬೌಟ್ ದಿಸ್ ಅಕೌಂಟ್' ಅಂತ ಇರ್ತೈತಿ, ಅದನ್ನ ಒತ್ತಿದ್ರ ಅಕೌಂಟ್ ಯಾವಾಗ ತಗದದ್ದು, ಎಷ್ಟ್ ಸಲ ಹೆಸರು ಬದಲಿಸ್ಯಾರ ಅನ್ನೂದು ಕಾಣ್ತೈತಿ. ಹೆಸರು ಬದಲಿಸಿದ್ರ ಹಳೇ ಪೋಸ್ಟ್ ನೋಡ್ರಿ, ಹೋದ ವರ್ಷ ಮೊಬೈಲ್ ಕವರ್ ಮಾರ್ತಿದ್ರು, ಈಗ ಎದಿಹಾಲಿನ ದಾಗಿನ ಅಂದ್ರ ಮುಂದ ಹೋಗ್ರಿ. ಆಮ್ಯಾಲೆ ಅವ್ರ ಪೇಜಿನ ಎರಡ್ಮೂರು ಫೋಟೋ ತಗದು ಗೂಗಲ್ ಲೆನ್ಸ್‌ಗೆ (ಅದ ಫೋಟೋ ಮತ್ತೆಲ್ಲೈತಿ ಅಂತ ಹುಡುಕೂ ಆ್ಯಪ್) ಹಾಕ್ರಿ, ಅದ ಫೋಟೋ ಇಂಗ್ಲೆಂಡಿನವ್ರ ಪೇಜಿನಾಗ, ಆಸ್ಟ್ರೇಲಿಯಾದವ್ರ ಪೇಜಿನಾಗ ಮೊದ್ಲ ಬಂದಿದ್ರ ಇವ್ರು ಕದ್ದು ಹಾಕ್ಯಾರ ಅಂತ.

ಮುಖ್ಯವಾಗಿ ಬಣ್ಣ ನೋಡ್ರಿ. ಎಲ್ಲಾ ತಾಯಂದಿರ ಹಾಲು ಒಂದ ಬಣ್ಣ ಇರಂಗಿಲ್ಲ, ಹೆರಿಗಿ ಆದ ಮೊದಲ ದಿನಗಳ ಹಾಲು ಹಳದಿ, ಆಮ್ಯಾಲಿಂದು ಬಿಳಿ, ಒಬ್ಬರದ್ದು ಕೆನಿ ಬಣ್ಣ, ಇನ್ನೊಬ್ಬರದ್ದು ಬೂದಿ ಬಿಳಿ. ಪೇಜಿನಾಗಿನ ಎಲ್ಲಾ ಹಳ್ಳೂ ಒಂದ ನಮೂನಿ ಸುಣ್ಣ ಹಚ್ಚಿದ ಗೋಡಿ ಬಿಳಿ ಇದ್ರ ಬಿಳಿ ಪಿಗ್ಮೆಂಟ್ (ಬಣ್ಣದ ಪುಡಿ) ಹಾಕಾಕತ್ತಾರ ಅಂತ. ಪಿಗ್ಮೆಂಟ್ ಹಾಕೂದ ಮೋಸ ಅಂತ ನಾ ಹೇಳಂಗಿಲ್ಲ, ಚಮಕಿ ಬೇಕು ಅಂತ ಗಿರಾಕಿನ ಕೇಳ್ತಾರ. ಹಾಕಿ ಹೇಳ್ಲಾರ್ದ ಇರೂದು ಮೋಸ.

ಮೈಮ್ಯಾಲೆ ಹಾಕ್ಕೊಂಡ ಹಳೇ ಗಿರಾಕಿಗಳ ಫೋಟೋ, ಅವ್ರ ತಮ್ಮ ಅಕೌಂಟಿನಿಂದ ಟ್ಯಾಗ್ ಮಾಡಿದ್ದು, ಇದ್ರ ಅದು ಬಂಗಾರ. ಅಂಥಾವ್ರಿಗೆ ಒಂದು ಮೆಸೇಜ್ ಹಾಕಿ "ಅಕ್ಕಾರ, ನಿಮ್ಮ ಪೆಂಡೆಂಟ್ ಈಗ ಹೆಂಗೈತ್ರಿ? ಹೊರಗ ಬಿಸಲಿನಾಗ ಹಿಡದು ಒಂದು ಫೋಟೋ ಹಾಕ್ರಿ" ಅಂತ ಕೇಳ್ರಿ. ಹತ್ತು ಮಂದಿಗೆ ಕೇಳಿದ್ರ ನಾಕ್ ಮಂದಿ ಉತ್ತರ ಕೊಡ್ತಾರ, ಹೆಣ್ಮಕ್ಕಳು ಇಂಥಾದಕ್ಕ ಸಹಾಯ ಮಾಡ್ತಾರ.

ವಾಟ್ಸಾಪಿನಾಗ ಕೇಳೂ ಪ್ರಶ್ನೆ

ರೇಟ್ ಆಮ್ಯಾಲೆ ಕೇಳ್ರಿ. ಮೊದಲ ಪ್ರಶ್ನೆ ಇದು ಇರ್ಲಿ: "ಇದು ಮುಂದ ಹಳದಿ ಆಗ್ತೈತೇನ್ರಿ?"

ಇದಕ್ಕ ಎರಡು ಥರ ಉತ್ತರ ಬರ್ತಾವ. ಒಂದು, "ಜೀವನಪೂರ್ತಿ ಗ್ಯಾರಂಟಿ ಮೇಡಂ, ಏನೂ ಆಗಂಗಿಲ್ಲ." ಇನ್ನೊಂದು, "ವರ್ಷ ಕಳದಂಗ ಸ್ವಲ್ಪ ಕೆನಿ ಬಣ್ಣಕ್ಕ ತಿರಗತೈತಿ ಅಕ್ಕ, ಸ್ಯಾನಿಟೈಸರ್, ಬಿಸಿನೀರು ತಾಗಿದ್ರ ಲಗೂ ಆಗ್ತೈತಿ, ಆದ್ರ ಒಳಗ ಕಪ್ಪ ಕಲೆ ಬಂದ್ರ ಅದು ನಮ್ಮ ತಪ್ಪು, ತಿರಗಿ ಮಾಡ್ಕೊಡ್ತೇವಿ." ನಾ ಎರಡನೇದವ್ರಿಗೆ ಕೊಡಾಕಿ. ತಮ್ಮ ಮಾಲಿನ ಕೊರತಿ ತಾವ ಬಾಯಿ ಬಿಟ್ಟು ಹೇಳೂವ್ರು ಹಾಲಿನ ವಿಷಯದಾಗೂ ಸುಳ್ಳು ಹೇಳೂದು ಕಡಿಮಿ, ನಮ್ಮ ಕೈಯಾಗಿರೂ ಅಳತಿಗೋಲು ಇದೊಂದ.

ಎರಡನೇ ಪ್ರಶ್ನೆ: ನನ್ನ ಹಾಲು ಬೇರೆಯವ್ರ ಹಾಲಿನ ಜೋಡಿ ಕೂಡ್ಲಾರ್ದಂಗ ಏನ್ ಮಾಡ್ತೀರಿ? ಪಾರ್ಸಲ್ ಬಂದ ಕೂಡ್ಲೆ ಆರ್ಡರ್ ನಂಬರಿನ ಚೀಟಿ ಅಂಟಸ್ತಾರೋ ಇಲ್ಲೋ, ಒಂದ ಹೊತ್ತಿನಾಗ ಒಬ್ಬರದ್ದ ಹಾಲು ಒಣಗಸ್ತಾರೋ, ಭಾಂಡೆ ಪ್ರತಿ ಸಲ ತೊಳೀತಾರೋ ಇಲ್ಲಾ ಹೊಸಾ ಕಪ್ ತಗೋತಾರೋ, ಕೈಗೆ ಗ್ಲೌಸ್ ಹಾಕ್ತಾರೋ. ತಾಯಿ ಹಾಲಿನಿಂದ ಕೆಲವು ರೋಗ ದಾಟ್ತಾವ, ಹಿಂಗಾಗಿ ಗ್ಲೌಸ್ ಅನ್ನೂದು ಶೋಕಿ ಅಲ್ಲ. ಕಸಬು ಗೊತ್ತಿದ್ದವ್ರು ಈ ಪ್ರಶ್ನೆಗೆ ಸಿಟ್ಟಾಗಂಗಿಲ್ಲ, ಉದ್ದಕ್ಕ ವಾಯ್ಸ್ ನೋಟ್ ಹಾಕ್ತಾರ. "ಟ್ರಸ್ಟ್ ಇದ್ರ ಆರ್ಡರ್ ಮಾಡ್ರಿ, ಇಲ್ಲಾಂದ್ರ ಬಿಡ್ರಿ" ಅಂದ್ರ ಬಿಟ್ಟಬಿಡ್ರಿ.

ಮೂರನೇದು, ನನ್ನ ಹಾಲು ಬಂದಾಗ, ಪುಡಿ ಆದಾಗ, ಅಚ್ಚಿಗೆ ಹಾಕೂವಾಗ ನನ್ನ ಹೆಸರಿನ ಚೀಟಿ ಕಾಣೂ ಹಂಗ ಫೋಟೋ ಕಳಸ್ತೀರೇನು? ಹೌದು ಅಂದ್ರ ಬಹಳ ಚಲೋ. ಫೋಟೋ ಸುಳ್ಳು ಮಾಡಾಕ ಬರಂಗಿಲ್ಲ ಅಂತಲ್ಲ, ಆದ್ರ ಮೂರ್ ಸಲ ಸುಳ್ಳು ಮಾಡೂಕಿಂತ ಖರೇ ಕೆಲಸ ಮಾಡೂದು ಹಗುರ.

ನಾಕನೇದು ನಮ್ಮ ಕಡೆ ಬೇಕಾ ಬೇಕು: ಉಳದ ಹಾಲು, ಉಳದ ಪುಡಿ ಏನ್ ಮಾಡ್ತೀರಿ? ಹಿಂಡಿದ ಹಾಲು ಮಂದಿ ತುಳಿಯೂ ಜಾಗದಾಗ ಚೆಲ್ಲಬಾರ್ದು, ಗಿಡದ ಬುಡಕ್ಕ ಹಾಕ್ಬೇಕು ಅಂತ ನಮ್ಮ ಹಿರೇರು ಹೇಳ್ತಾರಲ್ಲ, ಅತ್ತಿಯವ್ರು ಈ ಪೆಂಡೆಂಟ್ ಅಂದ ಕೂಡ್ಲೆ ಮುಖ ಸಿಂಡರಸೂದು ಬಹುತೇಕ ಇದಕ್ಕ, ದೃಷ್ಟಿ ಆಗ್ತೈತಿ, ಹಾಲು ಊರಾಚೆ ಕಳಸ್ತಾರೇನು ಅಂತ. ಅವ್ರ ಜೋಡಿ ವಾದ ಮಾಡಬ್ಯಾಡ್ರಿ. ಮಾಡೂವ್ರಿಗೆ "ಉಳದ ಪುಡಿ ಪೆಂಡೆಂಟ್ ಜೋಡಿ ವಾಪಸ್ ಕಳಸ್ರಿ" ಅಂತ ಹೇಳ್ರಿ. ಹಿಂಗ ಕೇಳೂದ್ರಿಂದ ಅತ್ತಿಯವ್ರಿಗೂ ಸಮಾಧಾನ, ನಿಮಗೂ ಲಾಭ: ಪುಡಿ ಕೈಯಾಗಿದ್ರ ಮುಂದ ಹಳ್ಳು ಒಡದ್ರ ಬ್ಯಾರೆಯವ್ರ ಕಡಿಂದ ಮತ್ತ ಮಾಡಸಾಕ ಬರ್ತೈತಿ. ಮತ್ತೊಂದು ಮಾತು, ಯಾರರ "ಹೆಚ್ಚಿಗಿ ಹಾಲಿದ್ರ ನಾವ ಕೊಂಡ್ಕೋತೇವಿ" ಅಂದ್ರ ಅಲ್ಲೇ ಬ್ಲಾಕ್ ಮಾಡ್ರಿ. ತಾಯಿ ಹಾಲು ಮಾರೂದಕ್ಕ ಅನುಮತಿ ಇಲ್ಲ ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2024ರ ಮೇ ತಿಂಗಳದಾಗ ಸ್ಪಷ್ಟ ಹೇಳೇತಿ.

ಕೆಲವ್ರು ಹಾಲು ಕಳಸೂದ ಬ್ಯಾಡ ಅಂತ ಕಿಟ್ ಮಾರ್ತಾರ, ಪುಡಿ, ರೆಸಿನ್, ಅಚ್ಚು ಎಲ್ಲಾ ಅದ್ರಾಗ ಇರ್ತಾವ. ಹಾಲು ನಿಮ್ಮದ ಅನ್ನೂದು ನೂರಕ್ಕ ನೂರು ಖಾತ್ರಿ. ಆದ್ರ ಗಟ್ಟಿ ಆಗ್ಲಾರ್ದ ರೆಸಿನ್ ಚರ್ಮಕ್ಕ ತಾಗಿದ್ರ ಅಲರ್ಜಿ ಆಗ್ತೈತಿ, ಅದರ ವಾಸನಿನೂ ಚಲೋ ಅಲ್ಲ, ಬಾಣಂತಿ ಕೋಣಿಯಾಗ ಕೂಸಿನ ಮಗ್ಗಲ ಇಟ್ಕೊಂಡು ಮಾಡೂ ಕೆಲಸ ಅಲ್ಲವಾ ಅದು.

ಬೆಳ್ಳಿ ಬಂಗಾರದ ಲೆಕ್ಕ

"ಸಿಲ್ವರ್" ಅಂತ ಬರದಿದ್ರ ಸಾಲಂಗಿಲ್ಲ. 925 ಬೆಳ್ಳಿನೋ, ಹಿತ್ತಾಳಿ ಮ್ಯಾಲೆ ಬೆಳ್ಳಿ ನೀರೋ ಕೇಳ್ರಿ. 925 ಅಂದ್ರ ನೂರಕ್ಕ 92.5 ಭಾಗ ಬೆಳ್ಳಿ. ಎಷ್ಟು ಗ್ರಾಂ ಅಂತ ಬಿಲ್ಲಿನಾಗ ಬರಸ್ಕೋರಿ. ಸಣ್ಣ ಪೆಂಡೆಂಟಿನಾಗ ಬೆಳ್ಳಿ ಕೆಲವೇ ಗ್ರಾಂ ಇರ್ತೈತಿ, ಅವತ್ತಿನ ರೇಟಿಗೆ ಗುಣಸಿ ನೋಡಿದ್ರ ನೀವು ಕೊಡೂದ್ರಾಗ ಬಹುಪಾಲು ಕೈಕೆಲಸಕ್ಕ ಅಂತ ತಿಳೀತೈತಿ, ಅದಕ್ಕ ತಕರಾರು ಬ್ಯಾಡ, ಆದ್ರ ಲೆಕ್ಕ ನಮಗ ಗೊತ್ತಿರ್ಲಿ. ಬಂಗಾರ ಆದ್ರ 22 ಕ್ಯಾರೆಟ್ಟಿಗೆ 916, 18 ಕ್ಯಾರೆಟ್ಟಿಗೆ 750 ಅನ್ನೂ ಗುರ್ತು, ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮುದ್ರಿ, ಜೋಡಿಗೆ ಎಚ್‌ಯುಐಡಿ, ಅಂದ್ರ ಆ ವಸ್ತುವಿಗಷ್ಟ ಇರೂ ಆರು ಅಕ್ಷರ-ಅಂಕಿಯ ನಂಬರ್ ಇರ್ಬೇಕು, 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಬಂಗಾರಕ್ಕ ಇದು ಕಡ್ಡಾಯ. ಬಿಐಎಸ್ ಕೇರ್ ಆ್ಯಪಿನಾಗ ಆ ಆರು ಅಕ್ಷರ ಹೊಡದ್ರ ಯಾರ ಅಂಗಡಿ, ಯಾವ ವಸ್ತು, ಎಷ್ಟು ಶುದ್ಧ ಎಲ್ಲಾ ಬರ್ತೈತಿ. ಎರಡು ಗ್ರಾಂಗಿಂತ ಕಡಿಮಿ ತೂಕದ್ದಕ್ಕ ಈ ಕಡ್ಡಾಯ ಇಲ್ಲ, ಸಣ್ಣ ಕಿವಿಯೋಲಿಗೆ ಮುದ್ರಿ ಇಲ್ಲ ಅಂತ ಜಗಳ ತಗಿಯಬ್ಯಾಡ್ರಿ.

ಬಂದ ಮ್ಯಾಲೆ ನಿಮ್ಮ ಮನಿ ಪತ್ತಾರರ ಕೈಯಾಗ ಬೆಳ್ಳಿ ತೋರಸ್ರಿ, ಆದ್ರ "ಅಣ್ಣಾರ, ಒಳಗ ರೆಸಿನ್ ಐತಿ, ಉರಿ ತೋರಸಬ್ಯಾಡ್ರಿ, ಆಸಿಡ್‌ನಾಗ ಎದ್ದಬ್ಯಾಡ್ರಿ" ಅಂತ ಮೊದ್ಲ ಹೇಳ್ರಿ. ಅವ್ರು ರೂಢಿ ಪ್ರಕಾರ ಊದುಗೊಳವಿ ಹಿಡದ್ರ ಒಂದ ಕ್ಷಣದಾಗ ಎಲ್ಲಾ ಮುಗೀತು. ಉಂಗುರದ ಅಳತಿನೂ ಅದಕ್ಕ ಮೊದ್ಲ ಸರಿಯಾಗಿ ಕೊಡ್ಬೇಕು, ಬಾಣಂತನದಾಗ ಬಟ್ಟು ಬಾವು ಬಂದಿರ್ತಾವ, ಆವಾಗ ಅಳತಿ ಕೊಟ್ರ ಆಮ್ಯಾಲೆ ಸಡ್ಲ ಆಗ್ತೈತಿ, ಸಣ್ಣ ಮಾಡಸಾಕ ಉರಿ ಬೇಕು. ನನ್ನ ಕೇಳಿದ್ರ ಉಂಗುರಕ್ಕಿಂತ ಪೆಂಡೆಂಟ್ ಚಲೋ, ರೊಟ್ಟಿ ಬಡಿಯೂ ಕೈಯಾಗ ರೆಸಿನ್ ಉಂಗುರ ಬಾಳಿಕಿ ಬರಂಗಿಲ್ಲ.

ರೊಕ್ಕ

ಪೂರ್ತಿ ರೊಕ್ಕ ಒಮ್ಮೆಲೆ ಬ್ಯಾಡ. ಅರ್ಧ ಮೊದ್ಲ, ಉಳದದ್ದು ತಯಾರಾದ ವಸ್ತುವಿನ ವಿಡಿಯೋ ನೋಡಿದ ಮ್ಯಾಲೆ. ಯುಪಿಐದಾಗ ಬರೂ ಹೆಸರು, ಪೇಜಿನ ಹೆಸರು, ಬಿಲ್ಲಿನ ಹೆಸರು ತಾಳಿ ಆಗ್ತಾವೇನು ನೋಡ್ರಿ. ಜಿಎಸ್‌ಟಿ ನಂಬರ್ ಕೊಟ್ರ 15 ಅಕ್ಷರ ಇರ್ಬೇಕು, ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕ 29, ಮಹಾರಾಷ್ಟ್ರ 27. ಬೆಂಗಳೂರಾಗ ಅದೇವಿ ಅಂತ ಹೇಳಿ 27 ಕೊಟ್ರ ಯಾಕಂತ ಕೇಳ್ರಿ. ಜಿಎಸ್‌ಟಿ ಪೋರ್ಟಲ್‌ನಾಗ ನಂಬರ್ ಹಾಕಿ ಹೆಸರು ನೋಡಾಕ ಲಾಗಿನ್ ಬೇಕಾಗಂಗಿಲ್ಲ. ಮನ್ಯಾಗ ಕುಂತು ಮಾಡೂ ಸಣ್ಣ ಹೆಣ್ಮಕ್ಕಳ ಹತ್ರ ನಂಬರ್ ಇರ್ಲಿಕ್ಕಿಲ್ಲ, ಅಷ್ಟಕ್ಕ ಕಳ್ಳರು ಅನ್ನಬ್ಯಾಡ್ರಿ. ಅಂಥಲ್ಲಿ ಪೂರ್ತಿ ವಿಳಾಸ, ಎಷ್ಟ್ ದಿನಕ್ಕ ಕೊಡ್ತಾರ, ಹಳ್ಳು ಕೆಟ್ರ ಏನ್ ಮಾಡ್ತಾರ ಅನ್ನೂದನ್ನ ವಾಟ್ಸಾಪಿನಾಗ ಬರಹದಾಗ ತಗೋರಿ, ಫೋನಿನಾಗಿನ ಮಾತು ಲೆಕ್ಕಕ್ಕಿಲ್ಲ.

ಹಾಲು ಕಳಸೂದು

ಚೀಲದ ಗಾಳಿ ತಗದು ಮುಚ್ಚಿ, ಅದನ್ನ ಇನ್ನೊಂದು ಜಿಪ್ ಚೀಲದಾಗ ಹಾಕಿ, ಸುತ್ತ ಟಿಶ್ಯೂನೋ ಹಳೇ ಅರಬಿನೋ ಸುತ್ತಿ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಾಗ ಇಡ್ರಿ, ಸೋರಿದ್ರೂ ಅರಬಿ ಹೀರ್ಕೊಳ್ಳಿ. ಒಳಗಿನ ಚೀಲದ ಮ್ಯಾಲೆ ಹೆಸರು, ಫೋನ್, ಆರ್ಡರ್ ನಂಬರ್ ಅಳಿಸ್ಲಾರ್ದ ಪೆನ್ನಿಲೆ ಬರೀರಿ. ಪ್ಯಾಕ್ ಮಾಡೂದು ಪೂರ್ತಿ ವಿಡಿಯೋ ಮಾಡ್ರಿ. ಬರ್ಫ್ ಬೇಕಾಗಿಲ್ಲ, ಕುಡಿಯಾಕ ಅಲ್ಲಲ್ಲ. ಆದ್ರ ಏಪ್ರಿಲ್-ಮೇದಾಗ ವಿಜಾಪುರ, ಬಾಗಲಕೋಟಿ ಬಿಸಲು 40 ಡಿಗ್ರಿ ದಾಟ್ತೈತಿ, ಚೀಲ ಉಬ್ಬಿ ಬಾಯಿ ಬಿಡ್ತಾವ, ಆಗೂದಿದ್ರ ಮಳಿ ಬೀಳೂ ತನಕ ತಡೀರಿ, ಇಲ್ಲಾ ಸೋಮವಾರ ಕಳಸ್ರಿ, ರವಿವಾರ ಗೋಡೌನ್‌ನಾಗ ಕೊಳಿಯೂದು ತಪ್ಪತೈತಿ. ದ್ರವ ಪದಾರ್ಥ ಕೆಲವು ಕೊರಿಯರ್‌ನವ್ರು ತಗೊಳ್ಳಂಗಿಲ್ಲ, ಕೌಂಟರ್‌ನಾಗ ಮೊದ್ಲ ಕೇಳ್ರಿ, ಸುಳ್ಳು ಹೆಸರು ಬರಸಬ್ಯಾಡ್ರಿ. ಬೆಂಗಳೂರಿಗೋ ಪುಣೆಗೋ ಹೋಗೂವ್ರು ಮನ್ಯಾಗ ಯಾರರ ಇದ್ರ ಅವ್ರ ಕೈಯಾಗ ಕೊಟ್ಟು ಕಳಸೂದು ಇನ್ನೂ ಚಲೋ, ಮಾಡೂ ಜಾಗಾನೂ ಒಂದು ಕಣ್ಣು ಹಾಕಿ ಬರ್ತಾರ.

ಕೈಗೆ ಬಂದ ಮ್ಯಾಲೆ

ಡಬ್ಬಿ ಒಡಿಯೂ ವಿಡಿಯೋ ಮಾಡ್ರಿ, ಪೋಸ್ಟಿನ ಚೀಟಿಯಿಂದ ಸುರು ಮಾಡಿ. ಕಿಟಕಿ ಬೆಳಕಿಗೆ ಹಿಡದು ಗುಳ್ಳಿ ಅದಾವೇನು, ಹಳ್ಳು ಮತ್ತ ಬೆಳ್ಳಿ ನಡುವ ಬಿರುಕೈತೇನು ನೋಡ್ರಿ. ಕೈಬಟ್ಟಿಲೆ ಒತ್ತಿದ್ರ ಅಂಟಬಾರ್ದು, ಉಗರಿನ ಗುರ್ತು ಬೀಳಬಾರ್ದು, ವಾಸನಿ ಇರಬಾರ್ದು. ಒಂದೆರಡು ಸಣ್ಣ ಗುಳ್ಳಿ ಕೈಕೆಲಸದಾಗ ಇರ್ತಾವ, ಅದಕ್ಕ ವಾಪಸ್ ಕಳಸೂದು ಬ್ಯಾಡ. ಅಂಟು ಅಂಟು ಇದ್ರ ಅವತ್ತ ತಿಳಸ್ರಿ. ಆಮ್ಯಾಲೆ ಜಳಕಕ್ಕ, ಭಾಂಡೆ ತಿಕ್ಕಾಕ, ಸೆಂಟ್ ಹಚ್ಚೂವಾಗ ತಗದಿಡ್ರಿ, ಬಿಸಲಿನಾಗ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮ್ಯಾಲೆ ಬಿಡಬ್ಯಾಡ್ರಿ, ರೆಸಿನ್ ಮೆತ್ತಗ ಆಗ್ತೈತಿ. ಕೂಸಿನ ಬಾಯಿಗೆ ಕೊಡಬ್ಯಾಡ್ರಿ, ಹಲ್ಲು ಬರೂ ಕೂಸು ಸಿಕ್ಕದ್ದೆಲ್ಲಾ ಕಡೀತೈತಿ, ಹಳ್ಳು ಕಿತ್ತು ಗಂಟಲದಾಗ ಸಿಕ್ಕೊಂಡ್ರ ಕಷ್ಟ.

ಕೆಟ್ರ, ಇಲ್ಲಾ ಬರದ ಹೋದ್ರ

"ಕಸ್ಟಮ್ ಆರ್ಡರ್, ವಾಪಸ್ ಇಲ್ಲ" ಅಂತ ಹಾಕಿರ್ತಾರ. ಮನಸ್ಸು ಬದಲಾತು ಅಂತ ವಾಪಸ್ ಕೊಡಾಕ ಬರಂಗಿಲ್ಲ ಅನ್ನೂದು ಸರಿ, ಆದ್ರ ಕೆಟ್ಟ ಮಾಲು ಕೊಟ್ಟದ್ದಕ್ಕ, ಹಾಲು ತಗೊಂಡು ಸುಮ್ನ ಕುಂತದ್ದಕ್ಕ ಆ ಮಾತು ನಡಿಯಂಗಿಲ್ಲ. ಮೊದ್ಲ ಅವ್ರಿಗೆ ಬರಹದಾಗ ಒಂದು ತಾರೀಖು ಕೊಟ್ಟು ಕೇಳ್ರಿ. ಆಗ್ಲಿಲ್ಲಾಂದ್ರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಮಾಡ್ರಿ, ಕನ್ನಡದಾಗ ಮಾತಾಡಾಕ ಬರ್ತೈತಿ. ಅದಕ್ಕೂ ಜಗ್ಗಲಿಲ್ಲಾಂದ್ರ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಪ್ರಕಾರ ಮಾರಿದವ್ರು ಪುಣೆದಾಗಿದ್ರೂ ನೀವು ಇರೂ ಜಿಲ್ಲೆಯಾಗ ದೂರು ಕೊಡಬಹುದು, ಬಾಗಲಕೋಟಿ, ಬೆಳಗಾವಿ, ವಿಜಾಪುರ ಮೂರೂ ಕಡೆ ಆಯೋಗ ಅದಾವ, 5 ಲಕ್ಷದ ಒಳಗಿನ ವ್ಯವಹಾರಕ್ಕ ಫೀ ಇಲ್ಲ, ವಕೀಲರು ಇರಲೇಬೇಕು ಅಂತಿಲ್ಲ, ಇ-ಜಾಗೃತಿ ಪೋರ್ಟಲ್‌ನಾಗ ಆನ್‌ಲೈನೂ ಹಾಕಬಹುದು. ಎರಡು ವರ್ಷದ ಒಳಗ ಹಾಕ್ಬೇಕು. ಬಿಲ್, ಯುಪಿಐ ರಸೀದಿ, ಚಾಟ್, ಕೊರಿಯರ್ ಚೀಟಿ, ಪ್ಯಾಕ್ ಮಾಡಿದ್ದು ಮತ್ತ ಒಡದದ್ದು ಎರಡೂ ವಿಡಿಯೋ, ಇಷ್ಟನ್ನ ಒಂದ ಫೋಲ್ಡರ್‌ನಾಗ ಇಟ್ಟು ಮನ್ಯಾಗಿನ ಇನ್ನೊಬ್ಬರ ಫೋನಿಗೂ ಕಳಸಿಡ್ರಿ, ಕೂಸಿನ ಕೈಯಾಗ ಫೋನ್ ಸಿಕ್ರ ಏನೇನ್ ಡಿಲೀಟ್ ಆಗ್ತೈತೋ ಹೇಳಾಕ ಬರಂಗಿಲ್ಲ.